‘ಅಂತೆ’ ಉದುರುವ ಜಾಗ: ರಾಜಕೀಯ ರೂಪಕ ಕಥೆಯಲ್ಲಿ ಪ್ರಚಾರವನ್ನು ಬರೆಯುವುದು ಹೇಗೆ

ಸುಲ್ತಾನ್‌ಪೇಟೆಯ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ ನಾನು ಹದಿನಾಲ್ಕು ವರ್ಷ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಕೆಲಸ ಮಾಡಿದೆ. ಮದುವೆ ಕಾರ್ಡು, ಬಿಲ್ ಬುಕ್ಕು, ಗೃಹಪ್ರವೇಶದ ಆಮಂತ್ರಣ. ಚುನಾವಣೆ ಬಂತೆಂದರೆ ಕರಪತ್ರ. ಕಥೆ ಬರೆಯುವುದನ್ನು ಯಾರೂ ನನಗೆ ಕೂರಿಸಿಕೊಂಡು ಕಲಿಸಲಿಲ್ಲ. ಪ್ರಚಾರ ಅನ್ನುವುದು ಒಳಗಿನಿಂದ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಮಾತ್ರ ಆ ಕಂಪ್ಯೂಟರಿನ ಮುಂದೆಯೇ ಕಲಿತೆ.

2015ರ ಆಗಸ್ಟ್, ಬೆಂಗಳೂರು ಮಹಾನಗರ ಪಾಲಿಕೆಯ (ಬಿಬಿಎಂಪಿ) ಚುನಾವಣೆ. ರಾತ್ರಿ ಒಂಬತ್ತರ ಹೊತ್ತಿಗೆ ಒಬ್ಬ ಹುಡುಗ ಬಂದ. ಅವನ ಕೈಯಲ್ಲಿ ನೋಟ್‌ಬುಕ್ಕಿನಿಂದ ಹರಿದ ಹಾಳೆ. ಅದರಲ್ಲಿ ಎದುರಾಳಿಯ ಬಗ್ಗೆ ಒಂದು ಸಾಲು: ಪಾರ್ಕಿನ ಜಾಗವನ್ನು ಸಂಬಂಧಿಕರಿಗೆ ಬರೆಸಿಕೊಟ್ಟಿದ್ದಾರಂತೆ. ಟೈಪ್ ಮಾಡಿದೆ. ಕೊನೆಯ ಪದ ಮುಂದಿನ ಸಾಲಿಗೆ ಜಾರಿತು. ಅದರಿಂದ ಕೆಳಗಿದ್ದ ಅಭ್ಯರ್ಥಿಯ ಫೋಟೋ ಪುಟದಾಚೆ ಹೋಯಿತು.

"ಅಕ್ಷರ ಒಂದು ಪಾಯಿಂಟ್ ಸಣ್ಣ ಮಾಡ್ಲಾ?" ಅಂದೆ.

"ಬೇಡ ಅಕ್ಕ, ವಯಸ್ಸಾದವರಿಗೆ ಕಾಣಲ್ಲ. ಆ ‘ಅಂತೆ’ ತೆಗೆದುಬಿಡಿ, ಸಾಲು ಕೂತ್ಕೊಳುತ್ತೆ."

ತೆಗೆದೆ. ‘ಕೊಟ್ಟಿದ್ದಾರಂತೆ’ ಹೋಗಿ ‘ಕೊಟ್ಟಿದ್ದಾರೆ’ ಆಯಿತು. ಸಾಲು ಕೂತಿತು, ಫೋಟೋ ತನ್ನ ಜಾಗಕ್ಕೆ ಬಂತು. ಐದು ಸಾವಿರ ಪ್ರತಿ ಅಚ್ಚಾಯಿತು. ಕಾನೂನಿನ ಪ್ರಕಾರ ಚುನಾವಣಾ ಕರಪತ್ರದ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಅದನ್ನೂ ಕೆಳಗೆ ಸಣ್ಣದಾಗಿ ಹಾಕಿದೆ. ಕಾನೂನಿನ ಲೆಕ್ಕ ಚುಕ್ತಾ. ನಾಲ್ಕು ದಿನ ಬಿಟ್ಟು ಹನುಮಂತನಗರದ ಮನೆಯಲ್ಲಿ ಅಮ್ಮ ಹುಳಿಗೆ ಒಗ್ಗರಣೆ ಹಾಕುತ್ತಾ ಹೇಳಿದರು: "ಗೊತ್ತಾಯ್ತಾ, ಪಾರ್ಕ್ ಜಾಗನ ನೆಂಟರಿಗೆ ಬರೆಸಿಕೊಟ್ಟಿದ್ದಾನೆ. ಸುಮ್ನೆ ಹೇಳ್ತಿಲ್ಲ, ಅಚ್ಚಾಗಿದೆ."

ಆ ಕರಪತ್ರದ ಪ್ರೂಫ್ ನನ್ನ ಬ್ಯಾಗಿನಲ್ಲೇ ಇತ್ತು. ಅಮ್ಮನಿಗೆ ಏನೂ ಹೇಳಲಿಲ್ಲ.

ರಾಜಕೀಯದ ಬಗ್ಗೆ ಪ್ರಾಣಿ ಕಥೆ, ಪಕ್ಷಿ ಕಥೆ, ರಾಜನ ಕಥೆ, ಅಂದರೆ ರೂಪಕ ಕಥೆ ಬರೆಯಲು ಹೊರಟವರಿಗೆ ನಾನು ಹೇಳುವುದೆಲ್ಲ ಆ ರಾತ್ರಿಯಿಂದಲೇ ಶುರುವಾಗುತ್ತದೆ.

ಮೊದಲು, ಭಾಷಣ ಹರಿದು ಹಾಕಿ

ನನ್ನ ಮೊದಲ ರೂಪಕ ಕಥೆಯಲ್ಲಿ ಒಂದು ನರಿ ಇತ್ತು. ಬಂಡೆಯ ಮೇಲೆ ನಿಂತು ಒಂದೂವರೆ ಪುಟ ಭಾಷಣ ಬಿಗಿಯುತ್ತಿತ್ತು. ಕಾಡಿನ ಪ್ರಾಣಿಗಳೆಲ್ಲಾ ಬಾಯಿ ಬಿಟ್ಟುಕೊಂಡು ಕೇಳಿ ಜೈಕಾರ ಹಾಕುತ್ತಿದ್ದವು. ಅಂಗಡಿಯಲ್ಲಿ ಪ್ಲೇಟ್ ಮಾಡುತ್ತಿದ್ದ ಅಣ್ಣ ಒಬ್ಬರು ಓದಿ, "ಇದರ ಮಾತು ಯಾವನು ನಂಬ್ತಾನೆ? ಈ ಪ್ರಾಣಿಗಳೆಲ್ಲಾ ದಡ್ಡವಾ?" ಅಂದರು. ಕಥೆ ಅಲ್ಲೇ ಸತ್ತಿತು.

ಬಹಳ ಜನ ಮಾಡುವ ತಪ್ಪು ಇದೇ. ಪ್ರಚಾರ ಅಂದರೆ ಮಾತುಗಾರ ಅಂದುಕೊಳ್ಳುತ್ತೇವೆ. ಅವನಿಗೆ ಜಾಣತನವೆಲ್ಲಾ ಕೊಟ್ಟು, ಕೇಳುವವರಿಗೆ ಬರೀ ತಲೆಯಾಡಿಸುವ ಕೆಲಸ ಕೊಡುತ್ತೇವೆ. ಆಮೇಲೆ ಓದುಗ ಆರಾಮಾಗಿ ಕೂತು, ನಾನಾಗಿದ್ದರೆ ನಂಬುತ್ತಿರಲಿಲ್ಲ ಅಂದುಕೊಂಡು ಪುಟ ಮಗುಚುತ್ತಾನೆ. ನಮ್ಮಮ್ಮ ದಡ್ಡಿಯಲ್ಲ. ಮಾರ್ಕೆಟ್ಟಿನಲ್ಲಿ ತಕ್ಕಡಿ ಸ್ವಲ್ಪ ವಾಲಿದರೂ ಹಿಡಿಯುವವರು. ಅವರು ಆ ಸಾಲನ್ನು ಯಾಕೆ ನಂಬಿದರು ಅನ್ನುವುದು ಕಥೆ. ಹುಡುಗ ಯಾಕೆ ಬರೆಸಿದ ಅನ್ನುವುದು ಅಷ್ಟು ದೊಡ್ಡ ಗುಟ್ಟೇನಲ್ಲ.

ಇನ್ನೊಂದು. ನಿಮ್ಮ ಪಾತ್ರಗಳ ಬಾಯಲ್ಲಿ ‘ಸುಳ್ಳು ಪ್ರಚಾರ’ ಅನ್ನುವ ಮಾತು ಬರದ ಹಾಗೆ ನೋಡಿಕೊಳ್ಳಿ. ಕನ್ನಡದಲ್ಲಿ ಪ್ರಚಾರ ಅನ್ನುವ ಪದಕ್ಕೆ ಕೆಟ್ಟ ವಾಸನೆಯೇ ಇಲ್ಲ. ಸೋಪಿನದ್ದೂ ಪ್ರಚಾರ, ರಕ್ತದಾನ ಶಿಬಿರದ್ದೂ ಪ್ರಚಾರ, ಮತದ್ದೂ ಪ್ರಚಾರ. ನಾವು ಮಾಡಿದರೆ ಪ್ರಚಾರ, ಆ ಕಡೆಯವರು ಮಾಡಿದರೆ ಅಪಪ್ರಚಾರ, ಅಷ್ಟೇ. ಕಥೆಯೊಳಗೆ ಇರುವವರಿಗೆ ಅದು ಸುದ್ದಿ, ಎಚ್ಚರಿಕೆ, ಸಹಾಯ. ಹಾಗೇ ಬರೆಯಿರಿ.

ನಿಜವಾದ ಭಯ ಒಂದನ್ನು ಹುಡುಕಿ

ಬೆಂಗಳೂರಿನಲ್ಲಿ ಮಾರ್ಚ್, ಏಪ್ರಿಲ್ ಬಂದರೆ ಬೆಳಗಿನ ಜಾವಕ್ಕೇ ಕೋಗಿಲೆ ಶುರು ಮಾಡುತ್ತದೆ. ನಮ್ಮ ಮನೆ ಎದುರು ಒಂದು ಹಳೇ ಮಳೆಮರ ಇದೆ, ಅದರ ತುಂಬಾ ಕಾಗೆ ಗೂಡು. ಕೋಗಿಲೆ ತಾನು ಗೂಡು ಕಟ್ಟುವುದಿಲ್ಲ, ಕಾಗೆ ಗೂಡಿನಲ್ಲಿ ಮೊಟ್ಟೆ ಇಟ್ಟು ಹೋಗುತ್ತದೆ. ಮೊಟ್ಟೆ ಕಾಗೆಯದ್ದಕ್ಕಿಂತ ಚಿಕ್ಕದು, ಆದರೂ ಕಾಗೆ ಕಾವು ಕೊಡುತ್ತದೆ. ಮರಿಯೂ ಮೊದಮೊದಲು ಕಪ್ಪಗೇ ಇರುತ್ತದೆ. ಇದೆಲ್ಲಾ ನಿಜ. ಶಾಲೆಯಲ್ಲಿ ಓದಿದ್ದೇವೆ.

ನನ್ನ ಎರಡನೇ ಕಥೆ ಇಲ್ಲಿಂದ ಹುಟ್ಟಿತು. ಮರಕ್ಕೆ ಒಂದು ಹದ್ದು ಬರುತ್ತದೆ. ಹದ್ದನ್ನು ಕಂಡರೆ ಕಾಗೆಗಳು ಗುಂಪು ಕಟ್ಟಿಕೊಂಡು ಅಟ್ಟುತ್ತವೆ, ನೀವೂ ನೋಡಿರುತ್ತೀರಿ. ಈ ಸಲ ಹದ್ದು ಜಗಳಕ್ಕೆ ಬರುವುದಿಲ್ಲ. "ನಿಮ್ಮ ಗೂಡಿನಲ್ಲಿ ಕೋಗಿಲೆ ಮರಿ ಇದೆಯೋ ಏನೋ, ಪಾಪ, ನಿಮಗೆ ಹೊರಗೆ ಹೋದರೆ ಪುರುಸೊತ್ತಿಲ್ಲ, ನಾನು ನೋಡಿಕೊಡ್ತೀನಿ" ಅನ್ನುತ್ತದೆ. ಒಂದೊಂದೇ ಮರಿ ಕಡಿಮೆಯಾಗುತ್ತಾ ಹೋಗುತ್ತದೆ.

ಹದ್ದು ಇಲ್ಲಿ ಒಂದೂ ಸುಳ್ಳು ಹೇಳಿಲ್ಲ, ಗಮನಿಸಿ. ಕೋಗಿಲೆ ಇದೆ, ಮೊಟ್ಟೆ ಇಡುವುದೂ ನಿಜ, ಕಾಗೆಗೆ ಪುರುಸೊತ್ತಿಲ್ಲದಿರುವುದೂ ನಿಜ. ರೂಪಕ ಕಥೆಗೆ ಲೋಕ ಆರಿಸಿಕೊಳ್ಳುವಾಗ ಇದನ್ನೇ ನೋಡಿ: ಆ ಲೋಕದಲ್ಲಿ ಮೊದಲೇ ಒಂದು ನಿಜವಾದ ಭಯ ಇರಬೇಕು, ಯಾರೂ ಹೊಸದಾಗಿ ಹುಟ್ಟಿಸಬೇಕಾಗಿರಬಾರದು. ಪ್ರಚಾರ ಮಾಡುವವನು ಆ ಭಯಕ್ಕೆ ಒಂದು ವಿಳಾಸ ಬರೆದುಕೊಟ್ಟರೆ ಸಾಕು.

ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ ‘ಆನಿಮಲ್ ಫಾರ್ಮ್’ ಕಾದಂಬರಿಯಲ್ಲಿ ಇದನ್ನು ಹೇಗೆ ಮಾಡಿದ ನೋಡಿ. ಯಜಮಾನನನ್ನು ಓಡಿಸಿ ಪ್ರಾಣಿಗಳೇ ತೋಟ ನಡೆಸುತ್ತಿವೆ, ಮುಂದಾಳುಗಳು ಹಂದಿಗಳು. ತೋಟದ ಹಾಲು, ಸೇಬು ಎಲ್ಲಾ ಹಂದಿಗಳ ಪಾಲಾಗುತ್ತದೆ. ಬೇರೆ ಪ್ರಾಣಿಗಳು ಗೊಣಗುತ್ತವೆ. ಸ್ಕ್ವೀಲರ್ ಎಂಬ ಹಂದಿ ಬಂದು ಸಮಜಾಯಿಷಿ ಕೊಡುತ್ತದೆ: ನಮಗೇನು ಇದು ಇಷ್ಟವಾ, ತಲೆ ಕೆಲಸ ಮಾಡುವವರು ಗಟ್ಟಿಯಾಗಿರಬೇಕು, ಇಲ್ಲದಿದ್ದರೆ ಹಳೇ ಯಜಮಾನ ಜೋನ್ಸ್ ವಾಪಸ್ ಬರುತ್ತಾನೆ. ಜೋನ್ಸ್ ನಿಜವಾಗಿಯೂ ಕ್ರೂರಿ. ಆ ಭಯ ಸುಳ್ಳಲ್ಲ. ಸೇಬಿಗೂ ಜೋನ್ಸ್‌ಗೂ ಗಂಟು ಹಾಕಿದ್ದು ಮಾತ್ರ ಸ್ಕ್ವೀಲರ್. ಆರ್ವೆಲ್ ಹುಟ್ಟಿದ್ದು ನಮ್ಮ ಬಿಹಾರದ ಮೋತಿಹಾರಿಯಲ್ಲಿ, 1903ರಲ್ಲಿ. 1941ರಿಂದ 43ರವರೆಗೆ ಲಂಡನ್ನಿನ ಬಿಬಿಸಿಯಲ್ಲಿ ಕೂತು ಭಾರತದ ಕೇಳುಗರಿಗಾಗಿ ಯುದ್ಧಕಾಲದ ಕಾರ್ಯಕ್ರಮ ಮಾಡುತ್ತಿದ್ದ. ಅಂದರೆ ಅವನೂ ಒಂದು ಥರ ನಮ್ಮ ಡಿಟಿಪಿ ಜಾತಿಯವನೇ. ಪುಸ್ತಕ ಬಂದಿದ್ದು 1945ರ ಆಗಸ್ಟ್‌ನಲ್ಲಿ.

ಕೇಳುವವಳನ್ನು ಬರೆಯಿರಿ

ಹದ್ದಿಗೆ ನಾನು ಇಡೀ ಕಥೆಯಲ್ಲಿ ಕೊಟ್ಟಿದ್ದು ಒಂದೆರಡು ಮಾತು ಅಷ್ಟೇ. ಉಳಿದದ್ದೆಲ್ಲಾ ಕಾಗೆಯದು. ಒಂದು ತುಂಡು ತೋರಿಸುತ್ತೇನೆ.

ಮಳೆ ಬಂದು ನಿಂತಿತ್ತು. ಕಾಗೆ ರೆಕ್ಕೆ ಕೊಡವಿ ಗೂಡಿನ ಅಂಚಿಗೆ ಬಂದು ಕೂತಳು. ದೊಡ್ಡವನು ಬಾಯಿ ತೆರೆದ. ನಡುವಿನವಳೂ ತೆರೆದಳು. ಚಿಕ್ಕವನೂ ತೆರೆದ, ಸ್ವಲ್ಪ ತಡವಾಗಿ. ನಿನ್ನೆಯೂ ತಡವಾಗಿತ್ತಾ? ನೆನಪಾಗಲಿಲ್ಲ. ಕೊಕ್ಕಿನಲ್ಲಿದ್ದ ಅನ್ನದ ಅಗುಳನ್ನು ಮೊದಲ ಇಬ್ಬರಿಗೆ ಹಂಚಿದಳು. ಚಿಕ್ಕದು ಕೂಗಿತು. ಕೂಗಿನ ಕೊನೆ ಕೊಂಚ ಎಳೆದ ಹಾಗೆ ಕೇಳಿಸಿತು. ಅದು ಇನ್ನೊಂದು ಸಲ ಕೂಗಲಿ ಅಂತ ಕಾದಳು.

ಇಲ್ಲಿ ಹದ್ದೂ ಇಲ್ಲ, ಕೋಗಿಲೆಯೂ ಇಲ್ಲ. ಪ್ರಚಾರ ಮಾತ್ರ ಪೂರ್ತಿ ನಡೆಯುತ್ತಿದೆ, ಅಲ್ವಾ? ಕಾಗೆ ತಾನೇ ಸಾಕ್ಷಿ ಹುಡುಕಲು ಶುರು ಮಾಡಿದ್ದಾಳೆ. ಹುಡುಕಿದರೆ ಏನಾದರೊಂದು ಸಿಕ್ಕೇ ಸಿಗುತ್ತದೆ.

‘ಚಿಕ್ಕವನು’ ಎಲ್ಲಿ ‘ಚಿಕ್ಕದು’ ಆದ ಅಂತ ಗಮನಿಸಿದಿರಾ? ಗಮನಿಸದಿದ್ದರೆ ಒಳ್ಳೆಯದೇ. ಕನ್ನಡದಲ್ಲಿ ಇದೊಂದು ಅನುಕೂಲ ನಮಗೆ. ಅವನು, ಅವಳು ಎಂದಿದ್ದವರನ್ನು ‘ಅದು’ ಮಾಡಿಬಿಡಬಹುದು, ಕ್ರಿಯಾಪದವೇ ಬಾಲ ಬದಲಿಸಿಕೊಳ್ಳುತ್ತದೆ. ಪ್ರಾಣಿ ಕಥೆಯಲ್ಲಂತೂ ಯಾರಿಗೂ ಅನುಮಾನ ಬರುವುದಿಲ್ಲ. ಅದಕ್ಕಾಗಿ ಕಥೆಯ ಶುರುವಿನಲ್ಲೇ ಎಲ್ಲ ಮರಿಗಳನ್ನೂ ಅವನು, ಅವಳು ಅಂತಲೇ ಕರೆಯಿರಿ. ಆಮೇಲೆ ಕಿತ್ತುಕೊಳ್ಳಲು ಏನಾದರೂ ಇರಬೇಕಲ್ಲ.

ಅಂತೆಯ ಲೆಕ್ಕ ಇಡಿ

ಈಗ ನನ್ನ ಮುಖ್ಯ ವಿಷಯ. ‘ಅಂತೆ’ ಅನ್ನುವುದು ಕನ್ನಡ ನಮಗೆ ಕೊಟ್ಟ ಚಿಕ್ಕ ಪ್ರಾಮಾಣಿಕತೆ. ನಾನು ನೋಡಿಲ್ಲ, ಕೇಳಿದ್ದು ಅಂತ ಒಂದೇ ಬಾಲದಲ್ಲಿ ಹೇಳಿಬಿಡುತ್ತೇವೆ. ಅಂತೆ ಕಂತೆ ಅಂತ ಅದನ್ನು ಬೈಯುತ್ತೇವೆ ಬೇರೆ. ನನ್ನ ಪ್ರಕಾರ ಅಪಾಯ ಅಂತೆ ಇರುವ ಕಡೆ ಇಲ್ಲ. ಅದು ಉದುರಿ ಬೀಳುವ ಕಡೆ ಇದೆ.

ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಕಥೆಯ ಸುದ್ದಿ ಯಾರ ಬಾಯಿಂದ ಯಾರ ಬಾಯಿಗೆ ಹೋಗುತ್ತದೆ ಅಂತ ಸಾಲಾಗಿ ಬರೆಯಿರಿ. ನನ್ನದು ಹೀಗಿತ್ತು.

ಮೊದಲ ಕಾಗೆ: "ಕೆರೆ ಏರಿ ಮರದಲ್ಲಿ ಒಂದು ಗೂಡಲ್ಲಿ ಕೋಗಿಲೆ ಮರಿ ಇತ್ತಂತೆ."

ಎರಡನೆಯದು: "ಕೆರೆ ಏರಿ ಮರದ ಗೂಡುಗಳಲ್ಲೆಲ್ಲಾ ಕೋಗಿಲೆ ಮರಿ ಇದ್ದವಂತೆ."

ಮೂರನೆಯದು: "ಕೆರೆ ಕಡೆಯವರು ಸಾಕಿದ್ದೆಲ್ಲಾ ಕೋಗಿಲೆನೇ. ನಿಮಗೆ ಗೊತ್ತೇ ಇಲ್ವಾ?"

ನಾಲ್ಕನೆಯದು: "ನಮ್ಮ ಮರದಲ್ಲಿ ಎಷ್ಟಿವೆಯೋ!"

ಎರಡನೇ ಬಾಯಲ್ಲಿ ಒಂದು ಹೋಗಿ ಎಲ್ಲಾ ಆಯಿತು. ಇದು ಎಲ್ಲರಿಗೂ ಗೊತ್ತಿರುವ ವಿದ್ಯೆ, ಬಿಡಿ. ಮೂರನೇ ಬಾಯಲ್ಲಿ ಅಂತೆ ಬಿತ್ತು, ಅದರ ಜಾಗಕ್ಕೆ ‘ಗೊತ್ತೇ ಇಲ್ವಾ’ ಬಂತು. ಇನ್ನು ಮೇಲೆ ನಂಬದಿದ್ದರೆ ನೀವು ಹಿಂದುಳಿದವರು. ನಾಲ್ಕನೆಯದರಲ್ಲಿ ‘ನಮ್ಮ’ ಬಂತು. ಈ ‘ನಮ್ಮ’ ಬಂದ ಮೇಲೆ ಕಥೆಗಾರರು ಕೈ ಕಟ್ಟಿ ಕೂತರೂ ಸುದ್ದಿ ತಾನಾಗಿ ಓಡುತ್ತದೆ.

ಅಂತೆ ಬೀಳುವ ಕಾರಣ ಮಾತ್ರ ಆದಷ್ಟು ಸಣ್ಣದಿರಲಿ. ನನ್ನ ಕರಪತ್ರದಲ್ಲಿ ಅದು ಬಿದ್ದದ್ದು ದ್ವೇಷದಿಂದಲ್ಲ, ಪಿತೂರಿಯಿಂದಲೂ ಅಲ್ಲ. ಸಾಲಿನಲ್ಲಿ ಜಾಗ ಸಾಲಲಿಲ್ಲ. ಕಾಗೆ ಕಥೆಯಲ್ಲಿ ಮೂರನೇ ಕಾಗೆಯ ಬಾಯಲ್ಲಿ ಒಂದು ತುಂಡು ವಡೆ ಇತ್ತು, ಉದ್ದ ಮಾತಾಡಲು ಆಗಲಿಲ್ಲ. ಹಾಗೆ ಬರೆದೆ.

ಆಯ್ತು, ಮಾಡಿದ

ಇದು ಬೇಗ ಹೇಳಿ ಮುಗಿಸುತ್ತೇನೆ. ‘ಹದ್ದು ಗೂಡು ಖಾಲಿ ಮಾಡಿತು’ ಮತ್ತು ‘ಗೂಡು ಖಾಲಿ ಆಯ್ತು’. ಎರಡನೆಯದರಲ್ಲಿ ಹದ್ದು ಮಾಯ. ಅಧಿಕಾರದಲ್ಲಿರುವ ಪಾತ್ರಕ್ಕೆ ಯಾವಾಗಲೂ ‘ಆಗು’ ಕೊಡಿ. ತೆರವಾಯಿತು, ಬದಲಾವಣೆಯಾಯಿತು, ತೊಂದರೆಯಾಗಿರಬಹುದು. ಬಸ್ಸಿನದ್ದೋ ಹಾಲಿನದ್ದೋ ಬೆಲೆ ಏರಿದಾಗ ನಮ್ಮೂರಿನಲ್ಲಿ ಏನನ್ನುತ್ತಾರೆ? ದರ ಪರಿಷ್ಕರಣೆ. ಪರಿಷ್ಕರಣೆ ಅಂದರೆ ತಿದ್ದುವುದು. ತಿದ್ದಿ ಕಡಿಮೆಯಾದದ್ದು ನನಗಂತೂ ನೆನಪಿಲ್ಲ. ಸ್ಕ್ವೀಲರ್ ಕೂಡಾ ಮೇವು ಕಡಿತವಾಗಿದೆ ಅನ್ನುವುದಿಲ್ಲ, ಮರುಹೊಂದಾಣಿಕೆ ಅನ್ನುತ್ತಾನೆ. ಜೊತೆಗೆ ಉತ್ಪಾದನೆ 200, 300, 500 ಶೇಕಡಾ ಹೆಚ್ಚಾಗಿದೆ ಅಂತ ಪಟ್ಟಿ ಓದುತ್ತಾನೆ. ಹೊಟ್ಟೆ ಹಸಿದ ಪ್ರಾಣಿಗಳಿಗೆ ಅಂಕಿ ಬೇಡ, ಮೇವು ಜಾಸ್ತಿ ಇದ್ದರೆ ಸಾಕಿತ್ತು ಅನ್ನಿಸುತ್ತದೆ. ಅಂಕಿ ಬಳಸುವುದಾದರೆ ಹೀಗೆ ಬಳಸಿ, ಪಕ್ಕದಲ್ಲೇ ಒಂದು ಖಾಲಿ ತಟ್ಟೆ ಇಟ್ಟು.

ಮಾತಿಲ್ಲದ ಪ್ರಚಾರ

ರವೀಂದ್ರ ಕಲಾಕ್ಷೇತ್ರದಲ್ಲಿ ಗಿರೀಶ ಕಾರ್ನಾಡರ ‘ತುಘಲಕ್’ ನೋಡಿದಾಗ ನನ್ನ ಕಣ್ಣು ತೆರೆಸಿದ್ದು ಸುಲ್ತಾನನ ಮಾತಲ್ಲ. 1964ರ ನಾಟಕ ಅದು. ಸುಲ್ತಾನನನ್ನು ಟೀಕಿಸುವ ಶೇಖ್ ಇಮಾಮುದ್ದೀನ್ ಅನ್ನುವ ಗುರು ಬರುತ್ತಾನೆ. ಸುಲ್ತಾನ ಅವನನ್ನು ತಡೆಯುವುದಿಲ್ಲ. ಬದಲಿಗೆ ಎಲ್ಲರೂ ಬಂದು ಗುರುಗಳ ಭಾಷಣ ಕೇಳಿ ಅಂತ ಡಂಗುರ ಸಾರಿಸುತ್ತಾನೆ. ಎಷ್ಟು ದೊಡ್ಡ ಮನಸ್ಸು! ಸಭೆಗೆ ಒಬ್ಬನೂ ಬರುವುದಿಲ್ಲ. ಸೈನಿಕರು ಮನೆ ಮನೆಗೆ ಹೋಗಿ, ಬಂದರೆ ಹುಷಾರ್ ಅಂತ ಹೆದರಿಸಿ ಬಂದಿದ್ದರು ಅಂತ ಆಮೇಲೆ ಗೊತ್ತಾಗುತ್ತದೆ. ಖಾಲಿ ಮೈದಾನವೇ ಪ್ರಚಾರ ಮಾಡುತ್ತದೆ ಅಲ್ಲಿ. ನೋಡಿದಿರಾ, ಈ ಗುರುವಿನ ಮಾತು ಕೇಳಲು ಯಾರಿಗೂ ಮನಸ್ಸಿಲ್ಲ ಅಂತ.

ಇದರಿಂದ ಕದ್ದು ನಾನು ಒಂದು ದೃಶ್ಯ ಮಾಡಿದೆ. ಹದ್ದು ಒಂದು ದಿನ, ನನ್ನ ಮೇಲೆ ದೂರಿದ್ದರೆ ಸಂಜೆ ಬಂದು ಹೇಳಿ ಅನ್ನುತ್ತದೆ. ಸಂಜೆ ಯಾವ ಕಾಗೆಯೂ ಬರುವುದಿಲ್ಲ. ಹದ್ದು ಗೂಡು ನೋಡಲು ಬರುವ ಹೊತ್ತೂ ಸಂಜೆಯೇ, ಬಿಟ್ಟು ಹೋಗುವ ಹಾಗಿಲ್ಲ. ಮಾರನೇ ದಿನದಿಂದ ಮರದಲ್ಲೆಲ್ಲಾ ಒಂದೇ ಮಾತು: ದೂರೇ ಇಲ್ಲ.

ಇದಕ್ಕೆ ತದ್ವಿರುದ್ಧ ದಾರಿಯೂ ಇದೆ, ಗದ್ದಲ. ಆರ್ವೆಲ್‌ನ ಕುರಿಗಳು ಯಾರಾದರೂ ವಾದ ಶುರು ಮಾಡಿದರೆ ಸಾಕು, ಒಂದೇ ಘೋಷಣೆಯನ್ನು ಬ್ಯಾ ಬ್ಯಾ ಅಂತ ಕೂಗಿ ಮುಳುಗಿಸಿಬಿಡುತ್ತವೆ. ನಮ್ಮ ಪಂಚತಂತ್ರದ ಕಥೆಯಂತೂ ಎಲ್ಲರಿಗೂ ಗೊತ್ತು. ಹೆಗಲ ಮೇಲೆ ಮೇಕೆ ಹೊತ್ತ ಬ್ರಾಹ್ಮಣನಿಗೆ ದಾರಿಯಲ್ಲಿ ಒಬ್ಬರಾದ ಮೇಲೊಬ್ಬರು ಮೂರು ಜನ ಠಕ್ಕರು ಸಿಕ್ಕಿ, ಏನು ಸ್ವಾಮಿ ನಾಯಿ ಹೊತ್ತಿದ್ದೀರಿ ಅನ್ನುತ್ತಾರೆ. ಅದರಲ್ಲಿ ನನಗೆ ಇಷ್ಟವಾಗುವುದು ಠಕ್ಕರ ಮಾತಲ್ಲ, ಅವರ ನಡುವಿನ ದೂರ. ಮೂವರೂ ಒಟ್ಟಿಗೆ ನಿಂತು ಹೇಳಿದ್ದರೆ ಬ್ರಾಹ್ಮಣ ನಗುತ್ತಿದ್ದ. ಒಬ್ಬೊಬ್ಬರ ನಡುವೆ ಅವನು ಒಬ್ಬನೇ ನಡೆಯಬೇಕಾದ ಆ ದಾರಿ ಇದೆಯಲ್ಲ, ಹೆಗಲ ಮೇಲಿನದ್ದನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಾ, ನಿಮ್ಮ ಕಥೆಯಲ್ಲಿ ಅದಕ್ಕೆ ಜಾಗ ಬಿಡಿ.

ಹದ್ದಿಗೆ ಕನ್ನಡಕ ಹಾಕಬೇಡಿ

ನಾನು ಹಾಕಿದ್ದೆ. ನಿಜ ಹೇಳುತ್ತೇನೆ. ಎರಡನೇ ಕರಡಿನಲ್ಲಿ ಹದ್ದಿಗೆ ಒಬ್ಬ ನಾಯಕರ ಮ್ಯಾನರಿಸಂ ಕೊಟ್ಟಿದ್ದೆ, ಅವರು ಕೈ ಬೀಸುವ ರೀತಿ, ಮಾತಿನ ಮಧ್ಯೆ ಕೆಮ್ಮುವುದು. ಸ್ನೇಹಿತೆಯೊಬ್ಬಳು ಓದುತ್ತಾ ಎರಡನೇ ಪುಟದಲ್ಲೇ "ಓ, ಇದು ಅವರೇ" ಅಂತ ನಕ್ಕಳು. ಆಮೇಲೆ ಕೊನೆವರೆಗೂ ಅವಳು ಕಾಗೆಯನ್ನು ನೋಡಲೇ ಇಲ್ಲ. ಯಾರು ಯಾರು ಅಂತ ಹೊಂದಿಸುತ್ತಾ ಹೋದಳು, ಪದಬಂಧ ಬಿಡಿಸುವ ಹಾಗೆ. ಅವಳಿಗೆ ಆ ನಾಯಕರನ್ನು ಕಂಡರೆ ಮೊದಲೇ ಆಗುವುದಿಲ್ಲ. ಕಥೆ ಅವಳಿಗೆ ಹೊಸದೇನೂ ಕೊಡಲಿಲ್ಲ. ನಾನು ಬರೆದದ್ದು ಮತ್ತೊಂದು ಕರಪತ್ರ. ಈ ಸಲ ಕೆಳಗೆ ಮುದ್ರಕರ ಹೆಸರೂ ಇರಲಿಲ್ಲ.

ಪ್ರಚಾರದ ವಿರುದ್ಧ ಬರೆದ ಕಥೆ ತಾನೇ ಪ್ರಚಾರವಾಗುವುದು ಬಹಳ ಸುಲಭ. ‘ಆನಿಮಲ್ ಫಾರ್ಮ್’ಗೇ ಹಾಗಾಯಿತು. ಆರ್ವೆಲ್ 1950ರಲ್ಲಿ ತೀರಿಕೊಂಡ. 1954ರಲ್ಲಿ ಅದು ಬ್ರಿಟನ್ನಿನಲ್ಲಿ ತಯಾರಾದ ಕಾರ್ಟೂನ್ ಸಿನಿಮಾ ಆಗಿ ಬಂತು. ಗುಟ್ಟಾಗಿ ಹಣ ಹಾಕಿದ್ದು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ. ಪುಸ್ತಕದ ಕೊನೆಯಲ್ಲಿ ಪ್ರಾಣಿಗಳು ಕಿಟಕಿಯಿಂದ ಇಣುಕಿ ನೋಡುತ್ತವೆ, ಹಂದಿ ಯಾವುದು ಮನುಷ್ಯ ಯಾರು ಅಂತ ಗೊತ್ತಾಗುವುದಿಲ್ಲ. ಸಿನಿಮಾದಲ್ಲಿ ಪ್ರಾಣಿಗಳು ದಂಗೆ ಎದ್ದು ಹಂದಿಗಳನ್ನು ಉರುಳಿಸುತ್ತವೆ. ಪುಸ್ತಕದಲ್ಲಿ ಮನುಷ್ಯರಿಗೂ ಏಟು ಬಿದ್ದಿತ್ತು. ಹೊಸ ಕೊನೆಯಲ್ಲಿ ಅವರು ತಪ್ಪಿಸಿಕೊಂಡರು. ಕೊನೆಯ ಎರಡು ನಿಮಿಷ ಬದಲಿಸಿದರೆ ಸಾಕು, ಕಥೆ ಯಾರ ಪರವಾಗಿ ಬೇಕಾದರೂ ನಿಲ್ಲುತ್ತದೆ.

ಹಾಗಾಗಿ ನನ್ನ ಹದ್ದಿನಿಂದ ಕೆಮ್ಮು ತೆಗೆದೆ, ಕೈ ಬೀಸುವುದನ್ನೂ ತೆಗೆದೆ. ಅದಕ್ಕೆ ಬದಲಾಗಿ ಕಾಗೆಗೆ ನಮ್ಮಮ್ಮನ ಒಂದು ಅಭ್ಯಾಸ ಕೊಟ್ಟೆ. ಏನಾದರೂ ಅನುಮಾನ ಬಂದರೆ ಅಮ್ಮ ಕೆಲಸ ನಿಲ್ಲಿಸುವುದಿಲ್ಲ, ಅದನ್ನೇ ಇನ್ನಷ್ಟು ನಿಧಾನವಾಗಿ ಮಾಡುತ್ತಾರೆ.

ಓದಿ ಕೇಳಿಸಿ

ಮುಗಿದ ಮೇಲೆ ಯಾರಿಗಾದರೂ ಗಟ್ಟಿಯಾಗಿ ಓದಿ. ಬರೆಯುವ ಸ್ನೇಹಿತರು ಬೇಡ, ಅವರು ತಂತ್ರ ನೋಡುತ್ತಾರೆ. ಓದುವಾಗ ಕೇಳುವವರ ಮುಖ ನೋಡಿ. ಹದ್ದಿನ ಮಾತಿಗೆ ಅವರು ನಕ್ಕರೆ ಅಥವಾ ಮುಖ ಸಿಂಡರಿಸಿದರೆ ಕೆಲಸ ಕೆಟ್ಟಿದೆ, ಹದ್ದು ಇನ್ನೂ ಖಳನಾಯಕನ ಹಾಗೆ ಮಾತಾಡುತ್ತಿದೆ ಅಂತ ಅರ್ಥ. ಓದುಗರಿಗೂ ಒಂದು ಪ್ಯಾರಾದಷ್ಟಾದರೂ ಆ ಮಾತು ಹಿಡಿಯಬೇಕು.

ನಾನು ಅಮ್ಮನಿಗೇ ಓದಿದೆ. ಅವರು ಅವರೆಕಾಯಿ ಸುಲಿಯುತ್ತಿದ್ದರು. ಕೊನೆಯಲ್ಲಿ ಕಾಗೆ ಚಿಕ್ಕದನ್ನು ಗೂಡಿನ ಅಂಚಿಗೆ ದೂಡುವುದಿಲ್ಲ, ಆದರೆ ಹದ್ದು ಬಂದಾಗ ಅಡ್ಡವೂ ನಿಲ್ಲುವುದಿಲ್ಲ. ಆಹಾರ ತರಲು ಹೊರಟು ಹೋಗುತ್ತಾಳೆ. ಆ ಮರಿ ಯಾರದ್ದಾಗಿತ್ತು ಅಂತ ನಾನು ಎಲ್ಲೂ ಬರೆದಿಲ್ಲ.

ಅಮ್ಮನ ಕೈ ನಿಧಾನವಾಯಿತು. ಒಂದು ಕಾಯಿ ಸುಲಿದು ಮುಗಿಯುವವರೆಗೆ ಸುಮ್ಮನಿದ್ದರು.

"ಕೂಗೋದು ಎಳೀತಿತ್ತು ಅಂದ್ಯಲ್ಲ?" ಅಂದರು.

"ಹೂಂ."

"ಹಾಗಾದ್ರೆ ಅದು ಕೋಗಿಲೆದೇ ಇರ್ಬೇಕು ಕಣೇ."

ಆ ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ ಒಂದು ಸರಿ ಗುರುತು ಹಾಕಿದೆ.